ಸಂಜೀವ ಶೆಟ್ಟರು ಸದ್ದು ಆರಿಸುವ ಕ್ರಮ

ಸಂಜೀವ ಶೆಟ್ಟರು ಮೊದಲು ಗ್ರೈಂಡರ್ ನಿಲ್ಲಿಸುತ್ತಿದ್ದರು. ಆಮೇಲೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ನೀರಿನ ಕೂಲರ್, ಗುಂಯ್‌ಗುಡುವ ಒಂದು ಟ್ಯೂಬ್‌ಲೈಟು. ಸ್ಟೂಲು ಹತ್ತಿ ಗೋಡೆ ಗಡಿಯಾರದ ಸೆಲ್ಲು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೊನೆಯದು ಹಾಲು, ಮೊಸರು, ದೋಸೆಹಿಟ್ಟು ತುಂಬಿದ ಆಳೆತ್ತರದ ಫ್ರಿಜ್ಜು. ಅದು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತಿತ್ತು. ಆಗ ನಮ್ಮ ಕಡೆ ತಿರುಗಿ, “ಹ್ಞಾಂ, ಇನ್ನು ನಿಮ್ಮದು” ಎನ್ನುತ್ತಿದ್ದರು.

ಲೋಣಾವಳಾದಲ್ಲಿ ಪ್ರತಿ ಮೇ ತಿಂಗಳು ಒಂದು ಸಣ್ಣ ಸಂಗೀತೋತ್ಸವ ನಡೆಯುತ್ತದೆ. ನಾವು ಪುಣೆಯಿಂದ ಹೋಗುವ ನಾಲ್ವರು ಪಾಶ್ಚಾತ್ಯ ಸಂಗೀತದವರು: ಎರಡು ಪಿಟೀಲು, ಒಂದು ಚೆಲ್ಲೋ, ಪಿಟೀಲಿಗಿಂತ ತುಸು ದೊಡ್ಡದಾದ ನನ್ನ ವಯೋಲಾ. ನಮ್ಮದು ಮೈಕಿಲ್ಲದೆ ಕೋಣೆಯೊಳಗೆ, ಕೇಳುವವರ ಮೊಣಕಾಲಿನ ಹತ್ತಿರವೇ ಕೂತು ನುಡಿಸುವ ಸಂಗೀತ. ಅದಕ್ಕೆ ತಕ್ಕ ಜಾಗ ಊರಿನಲ್ಲಿ ಸಿಗದಿದ್ದಾಗ ಸ್ಟೇಷನ್ ಪಕ್ಕದ ಶೆಟ್ಟರು ತಮ್ಮ ಹೊಟೇಲಿನ ಊಟದ ಹಾಲ್ ಬಿಟ್ಟುಕೊಟ್ಟರು. ಮಧ್ಯಾಹ್ನದ ಊಟ ಮುಗಿದ ಮೇಲೆ ಮೇಜುಗಳನ್ನು ಗೋಡೆಗೆ ಒತ್ತಿ ಕುರ್ಚಿ ಹಾಕಿಸುತ್ತಿದ್ದರು. ಒಗ್ಗರಣೆಯ ವಾಸನೆ ಮಾತ್ರ ಹೋಗುತ್ತಿರಲಿಲ್ಲ.

ಅವರು ಕಾರ್ಕಳದ ಕಡೆಯವರು. ನನ್ನ ಮನೆಮಾತು ಧಾರವಾಡದ್ದು. ಅದು ಅವರಿಗೆ ಪ್ರತಿ ವರ್ಷ ಹೊಸ ತಮಾಷೆ.

“ನೀನು ಹೌದ್ರಿ ಹೌದ್ರಿ ಅಂದ್ರೆ ನನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದಾರಾ ಅಂತ ತಿರುಗಿ ನೋಡುವ ಹಾಗೆ ಆಗ್ತದೆ ಮಾರಾಯ್ತಿ.”

ಸಂಗೀತದ ಬಗ್ಗೆ ತಮಗೇನೂ ತಿಳಿಯದೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಛೇರಿ ಮುಗಿಯುವವರೆಗೂ ಸ್ವಿಚ್ ಬೋರ್ಡಿನ ಬಳಿ, ಯಾರಾದರೂ ಬಂದು ಏನಾದರೂ ಹಾಕಿಬಿಟ್ಟಾರೆಂಬಂತೆ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಅವರ ಕೈಗೆ ಸಿಗದಿದ್ದ ಸದ್ದು ರೈಲಿನದು ಮಾತ್ರ. ಲೋಕಲ್ ಬರುವ ಹೊತ್ತು ಅವರಿಗೆ ಬಾಯಿಪಾಠ. ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ನಾವು ಕಮಾನು ಎತ್ತಿದಾಗ ಅವರು ಬೆರಳೆತ್ತಿದರೆ ಕಾಯಬೇಕು. ರೈಲು ದಾಟಿದ ಮೇಲೆ ಬೆರಳು ಇಳಿಯುತ್ತಿತ್ತು.

ಪುಣೆಯ ಸದಾಶಿವ ಪೇಠೆಯಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಒಮ್ಮೆ ಸೆಕೆ ತಾಳಲಾರದೆ, “ಅಹೋ ಶೆಟ್ಟಿ, ಪಂಖಾ ತರೀ ಲಾವಾ!” ಎಂದರು. ಫ್ಯಾನಾದರೂ ಹಾಕಬಾರದೆ ಎಂಬ ಸಿಟ್ಟು. ಶೆಟ್ಟರು ಮರಾಠಿಯಲ್ಲೇ ಬಹಳ ಮರ್ಯಾದೆಯಿಂದ ಉತ್ತರಿಸಿದರು: ಗಾಳಿ ಹೊರಗಿದೆ, ಸಂಗೀತ ಒಳಗಿದೆ, ಯಾವುದು ಬೇಕೋ ತಾವೇ ನೋಡಿ. ಆಕೆ ಮೆನು ಕಾರ್ಡಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತರು. ಕಾರ್ಡು ಪಟಪಟ ಎನ್ನತೊಡಗಿದಾಗ ಶೆಟ್ಟರು ಮೆಲ್ಲಗೆ ಬಂದು ಅದನ್ನೂ ತೆಗೆದುಕೊಂಡು ಹೋದರು.

ನನ್ನ ವಾದ್ಯದ ಮೇಲೆ ಅವರಿಗೆ ಅನುಮಾನವಿತ್ತು. “ನೀನು ಎಳೀತಾ ಇರುದು ಕಾಣ್ತದೆ. ಕೇಳುದು ಯಾವಾಗ?” ವಯೋಲಾ ಉಳಿದ ದನಿಗಳ ನಡುವೆ ಇರುವಂಥದ್ದು ಎಂದು ವಿವರಿಸಿದೆ. ಸ್ವಲ್ಪ ಯೋಚಿಸಿ, “ಸಾಂಬಾರಿನ ಬೇಳೆ” ಎಂದರು. ನನ್ನ ಗುರುಗಳು ಕೂಡ ಅಷ್ಟು ಚುಟುಕಾಗಿ ಹೇಳಿರಲಿಲ್ಲ.

ಒಂದು ವರ್ಷ ಕಛೇರಿ ಮುಗಿದ ಸಂಭ್ರಮದಲ್ಲಿ ಅವರು ಫ್ರಿಜ್ಜು ಮತ್ತೆ ಹಾಕುವುದನ್ನೇ ಮರೆತರು. ಬೆಳಿಗ್ಗೆ ನಾವು ತಿಂಡಿಗೆ ಹೋದಾಗ ಹಾಲೆಲ್ಲ ಒಡೆದಿತ್ತು, ಹಿಟ್ಟು ಉಕ್ಕಿ ಬಾಗಿಲಿನಿಂದ ಇಳಿಯುತ್ತಿತ್ತು. ಅವರ ಹೆಂಡತಿ ಸುಮತಿಯಕ್ಕ ನೆಲ ಒರೆಸುತ್ತ, “ಇವರಿಗೆ ಬುದ್ಧಿ ಆರಿಸುವ ಸ್ವಿಚ್ಚು ಒಂದು ಬಾಕಿ ಇತ್ತು, ಅದನ್ನೂ ಆರಿಸಿದ್ದಾರೆ” ಎಂದರು. ಶೆಟ್ಟರು ನಕ್ಕರು. “ಹಾಲು ಒಡೆದ್ರೆ ಪನೀರ್ ಮಾಡ್ಬಹುದು. ಇವರ ಹಾಡು ಒಡೆದ್ರೆ ಎಂತ ಮಾಡುದು?”

ಕಳೆದ ವರ್ಷ ನಾವು ಹೋದಾಗ ಅವರು ಹಾಲ್‌ಗೆ ತಾಗಿದ ಚಿಕ್ಕ ಕೋಣೆಯಲ್ಲಿ ಕುರ್ಚಿಯ ಮೇಲಿದ್ದರು. ಮೂಗಿಗೆ ಕೊಳವೆ, ಪಕ್ಕದಲ್ಲಿ ಆಮ್ಲಜನಕದ ಯಂತ್ರ. ಅದು ಬುಸ್ಸೆಂದು ಉಸಿರೆಳೆದು, ಗುಳುಗುಳು ಎಂದು, ಮತ್ತೆ ಬುಸ್ಸೆನ್ನುತ್ತಿತ್ತು. ಉಳಿದದ್ದನ್ನೆಲ್ಲ ಸುಮತಿಯಕ್ಕ ಅವರು ಹೇಳಿದ ಕ್ರಮದಲ್ಲಿ ಆರಿಸಿದ್ದರು.

“ಇದೊಂದು ಉಳೀತು ನೋಡು,” ಎಂದರು ಶೆಟ್ಟರು. “ಆ ನಿಧಾನದ ಭಾಗ ಉಂಟಲ್ಲ, ಅದು ಬರುವಾಗ ಇದರ ಸ್ವಿಚ್ ತೆಗೀಲಿಕ್ಕೆ ಹೇಳು ಇವಳಿಗೆ. ನಾನು ಹೇಳಿದ್ರೆ ಕೇಳುದಿಲ್ಲ.”

ಸುಮತಿಯಕ್ಕ ಗೋಡೆ ನೋಡುತ್ತಿದ್ದರು.

“ಆಗೂದಿಲ್ರಿ,” ಎಂದೆ.

“ಹಾಗಾದ್ರೆ ಬಾಗಿಲು ಹಾಕು.”

“ನಿಮಗ ಏನೂ ಕೇಳಸೂದಿಲ್ರಿ ಆಮ್ಯಾಲೆ.”

“ನಾನು ಬೇಕಾದಷ್ಟು ಕೇಳಿದ್ದೇನೆ. ಬಂದವರಿಗೆ ಕೇಳ್ಬೇಕು.”

ಬಾಗಿಲು ಹಾಕಿ ಬಂದು ಕೂತೆ. ಮೊದಲ ಭಾಗ ನುಡಿಸಿದೆವು. ಆಮೇಲೆ ನಿಧಾನದ ಭಾಗಕ್ಕೆ ಎಲ್ಲರೂ ಕಮಾನು ಎತ್ತಿದರು. ನಾನು ವಯೋಲಾವನ್ನು ಕುರ್ಚಿಯ ಮೇಲಿಟ್ಟು ಎದ್ದುಹೋಗಿ ಬಾಗಿಲು ತೆರೆದೆ. ಯೋಚಿಸಿ ಮಾಡಿದ್ದಲ್ಲ. ವಾಪಸ್ ಬಂದು ಕೂತಾಗ ಯಂತ್ರದ ಸದ್ದು ಹಾಲ್ ತುಂಬ ಇತ್ತು. ಶೆಟ್ಟರು ಬೆರಳೆತ್ತಿದರು, ರೈಲಿಗೆ ಎತ್ತುವ ಹಾಗೆ. ನಾವು ಕಾಯಲಿಲ್ಲ. ಬುಸ್ಸೆನ್ನುವುದು ನಮ್ಮ ತಾಳಕ್ಕೆ ಒಮ್ಮೆಯೂ ಕೂಡಿಬರಲಿಲ್ಲ. ನಾವು ಸುಮ್ಮನಿರಬೇಕಾದಲ್ಲೆಲ್ಲ ಅದು ಬಂದು ಕೂತಿತು. ಯಾರೂ ತಿರುಗಿ ನೋಡಲಿಲ್ಲ. ಬಹಳ ಹೊತ್ತು ಎತ್ತಿಹಿಡಿದ ಬೆರಳು ಆಮೇಲೆ ಇಳಿದು ಕುರ್ಚಿಯ ಕೈಯ ಮೇಲೆ ಮಲಗಿತು.

ಹೊರಡುವಾಗ ಒಳಗೆ ಹೋದೆ.

“ಬಾಗಿಲು ಹಾಕು ಅಂದಿದ್ದೆ.”

“ಹೌದ್ರಿ.”

“ಬೇಳೆ ಕೇಳಿತು,” ಎಂದರು. ಆಮೇಲೆ, “ಫ್ರಿಜ್ ಹಾಕಿದ್ಯಾ?”

ಹಾಕಿ ಬಂದೆ. ಅದೇ ಕೊನೆಯ ಮಾತು.

ಮಳೆಗಾಲದಲ್ಲಿ ಶೆಟ್ಟರು ಹೋದ ಸುದ್ದಿ ಬಂದಾಗ ನಾನು ಪುಣೆಯ ವಾಕಡದ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಫೋನಿಟ್ಟು ಉಳಿದವನ್ನೂ ಮಡಿಸಿದೆ. ಅಳು ಬರಬಹುದೆಂದು ಕೆಲವು ದಿನ ಕಾದೆ. ಬರಲಿಲ್ಲ. ಅಭ್ಯಾಸ ಎಂದಿನಂತೆ ನಡೆಯಿತು.

ಈ ವರ್ಷದ ಮೇ ತಿಂಗಳಲ್ಲಿ ಅದೇ ಹಾಲ್‌ಗೆ ಹೋದೆವು. ಜನ ಕೂತರು. ಗ್ರೈಂಡರ್ ತಿರುಗುತ್ತಲೇ ಇತ್ತು. ಸುಮತಿಯಕ್ಕ ಕೈ ಕಟ್ಟಿಕೊಂಡು ಬೋರ್ಡಿನ ಎದುರು ನಿಂತಿದ್ದರು, ಮುಟ್ಟಲಿಲ್ಲ. ನಾನು ಎದ್ದೆ. ಗ್ರೈಂಡರ್, ಎಕ್ಸಾಸ್ಟ್, ಕೂಲರ್, ಟ್ಯೂಬ್‌ಲೈಟು. ಸ್ಟೂಲು ಹತ್ತಿ ಸೆಲ್ಲು ತೆಗೆದೆ. ನನಗೆ ಜೇಬಿರಲಿಲ್ಲ, ಸುಮತಿಯಕ್ಕ ಕೈ ಚಾಚಿದರು. ಕೊನೆಗೆ ಫ್ರಿಜ್ಜು. ಚೆನ್ನಾಗಿಯೇ ನುಡಿಸಿದೆವು. ರೈಲು ಬರುವುದು ಮಾತ್ರ ಯಾರಿಗೂ ಮೊದಲೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸುಮತಿಯಕ್ಕನ ಫೋನು ಬಂತು.

“ಹಾಲೆಲ್ಲ ಒಡೆದಿದೆ ಮಾರಾಯ್ತಿ. ನಿನಗೂ ನೆನಪಾಗ್ಲಿಲ್ಲ, ನನಗೂ ನೆನಪಾಗ್ಲಿಲ್ಲ.”

ಆ ಕಡೆ ಪಾತ್ರೆ ಎಳೆದ ಸದ್ದು ಕೇಳಿಸಿತು.

“ಪನೀರ್ ಮಾಡ್ತಾ ಇದ್ದೇನೆ,” ಎಂದರು. “ನೀನು ಫೋನ್ ಇಡ್ಬೇಡ.”

ಅವರ ದನಿಯ ಹಿಂದೆ ಫ್ರಿಜ್ಜು ಗುರುಗುಡುತ್ತಿತ್ತು. ಅವರು ಹಾಲು ಸೋಸಿ ಮುಗಿಸುವ ತನಕ ಅದನ್ನು ಕೇಳುತ್ತ ಕೂತೆ.