ರಾಚಯ್ಯನ ಗಂಟಲು, ದೊಡ್ಡಿಯ ನಾಯಿ

ಚಾಮರಾಜನಗರದಲ್ಲಿ ತಮಟೆ ಬಡಿದು ಸುದ್ದಿ ಸಾರುವ ಕೆಲಸ ರಾಚಯ್ಯನದು. ಸಿಡುಬಿನ ಚುಚ್ಚುಮದ್ದಿರಲಿ, ಕಂದಾಯದ ಗಡುವಿರಲಿ, ಕಳೆದುಹೋದ ಎಮ್ಮೆಯಿರಲಿ, ಅವನ ಬಾಯಿಂದ ಬಂದ ಮೇಲೆಯೇ ಊರಿಗೆ ಅದು ನಿಜ. ತಾನು ಪೇಟೆಯಲ್ಲಿ ಕೂಗಿದರೆ ಬದನಗುಪ್ಪೆಯಲ್ಲಿ ತೊಟ್ಟಿಲ ಕೂಸು ಎದ್ದು ಕೂರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೇಳಿ ಹೇಳಿ ಕೊನೆಗೆ ತಾನೂ ನಂಬಿದ. ಹಾಗೆ ನಂಬಿದ್ದೇ ಎಡವಟ್ಟಾಯಿತು ಎಂದು ಮುಂದೆ ಈ ಕಥೆ ಹೇಳುವಾಗಲೆಲ್ಲ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾದ ವರ್ಷ ಅವನಿಗೆ ಐವತ್ತು ದಾಟಿತ್ತು. ಗಂಟಲು ನಡುನಡುವೆ ಕೈಕೊಡತೊಡಗಿತ್ತು. ಮಾತು ಒಡೆದಲ್ಲಿ ತಮಟೆಗೆ ಎರಡು ಏಟು ಹೆಚ್ಚು ಹಾಕಿ ಮುಚ್ಚಿಬಿಡುತ್ತಿದ್ದ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ದನಿ ಹೋದರೆ ರಾಚಯ್ಯನನ್ನು ಈ ಊರಿನಲ್ಲಿ ಕೇಳುವವರು ಯಾರು ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಆಗ ಊರಿನ ವರ್ತಕರು ಸೇರಿ ದಿಕ್ಕಿಲ್ಲದ ಪ್ರಾಣಿಗಳಿಗೆಂದು ಒಂದು ದೊಡ್ಡಿ ನಡೆಸುತ್ತಿದ್ದರು. ಮುದಿ ಎತ್ತು, ಕುಂಟು ಕುದುರೆ, ಬೀದಿನಾಯಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುರುಸಿದ್ದಯ್ಯನವರು ಒಂದು ದಿನ ರಾಚಯ್ಯನಿಗೆ ಹೇಳಿಕಳಿಸಿದರು. ಕತ್ತಿನಲ್ಲಿ ಹಗ್ಗವಿದ್ದ ಕಂದು ನಾಯಿಯೊಂದು ಬಂದು ಸೇರಿದೆ, ಯಾರೋ ಸಾಕಿದ್ದೇ ಇರಬೇಕು, ಒಡೆಯ ಬಂದು ಬಿಡಿಸಿಕೊಂಡು ಹೋಗಲಿ ಎಂದು ಸಾರಬೇಕಿತ್ತು. ರಾಚಯ್ಯ ಮೂರು ದಿನ ಸಾರಿದ. ಒಬ್ಬರೂ ಬರಲಿಲ್ಲ.

“ನೆಟ್ಗ ಕೂಗುದ್ಯೇನ್ಲಾ?” ಎಂದು ಗುರುಸಿದ್ದಯ್ಯನವರು ಸುಮ್ಮನೆ ಕೇಳಿದರು.

ಆ ರಾತ್ರಿ ರಾಚಯ್ಯನಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನ ದೊಡ್ಡಿಗೆ ಹೋಗಿ, ಒಡೆಯ ಸಿಕ್ಕಿದ್ದಾನೆ, ಗುಂಡ್ಲುಪೇಟೆಯವನಂತೆ, ಬಸ್ಸಿನಲ್ಲಿ ಕೂತಿದ್ದವನಿಗೂ ನನ್ನ ಕೂಗು ಕೇಳಿಸಿತಂತೆ ಎಂದು ಎಳ್ಳಷ್ಟೂ ನಾಚಿಕೆಯಿಲ್ಲದೆ ಸುಳ್ಳು ಹೇಳಿದ. ಬಸ್ಸಿಗೆ ಹತ್ತಿಸುತ್ತೇನೆ ಎಂದು ನಾಯಿಯನ್ನು ಬಿಡಿಸಿಕೊಂಡು ನೇರ ಮನೆಗೆ ತಂದ. ಹೀಗೆ ಮಾನ ಉಳಿಸಿಕೊಳ್ಳಲು ನಾಯಿ ಸಾಕಿದವನಾದ.

ಮನೆಯಲ್ಲಿ ಬೇರೆ ಪೀಕಲಾಟ ಶುರುವಾಯಿತು. ಹತ್ತು ಅಡಿ ದೂರದಿಂದ ಕರೆದರೆ ನಾಯಿ ತಿರುಗಿ ನೋಡಲಿಲ್ಲ. ಐದು ಅಡಿಯಿಂದ ಕರೆದರೂ ಗೋಡೆ ನೋಡುತ್ತ ಕೂತಿತ್ತು. ಊರಿರಲಿ, ತನ್ನ ದನಿ ಜಗಲಿಯನ್ನೂ ದಾಟುತ್ತಿಲ್ಲ ಎಂದುಕೊಂಡ ರಾಚಯ್ಯ. ಮೆಣಸಿನ ಕಷಾಯ ಕುಡಿದ, ಜೇನು ನೆಕ್ಕಿದ, ಕತ್ತಿಗೆ ಬಿಸಿ ಬಟ್ಟೆ ಸುತ್ತಿದ. ನಾಲ್ಕನೆಯ ದಿನ ನಾಯಿಯ ಬೆನ್ನ ಹಿಂದೆ ನಿಂತು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದ. ಏನೋ ಸರ್ಕಾರಿ ಸುದ್ದಿ ಎಂದು ಬೀದಿಯವರೆಲ್ಲ ಓಡಿ ಬಂದರು. ನಾಯಿ ಮಾತ್ರ ಕಾಲು ನೆಕ್ಕಿಕೊಳ್ಳುತ್ತಿತ್ತು.

ಹೆಂಡತಿ ಸೋಮಮ್ಮ ಒಳಗಿಂದ ಹಿತ್ತಾಳೆ ಬಿಂದಿಗೆ ತಂದು ನಾಯಿಯ ಹಿಂದೆ ಕೆಡವಿದಳು. ಆ ಸದ್ದಿಗೆ ರಾಚಯ್ಯ ಬೆಚ್ಚಿಬಿದ್ದ. ನಾಯಿಯ ನೆಕ್ಕಾಟ ನಿಲ್ಲಲಿಲ್ಲ.

“ನಿನ್ ಗಂಟ್ಲು ನೆಟ್ಗದ. ನಾಯ್ಗ ಕಿವಿ ಕೇಳಲ್ಲ ಕಣ. ಬೀದಿನೇ ಎದ್ದು ಬಂದದ, ನಿನ್ಗ ಅಷ್ಟೂ ಗೊತ್ತಾಗ್ನಿಲ್ವಾ?” ಅಂದಳು.

ರಾಚಯ್ಯನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮೂಕಪ್ರಾಣಿಗೆ ಕಿವಿಯಿಲ್ಲ ಎಂದು ಹಿಗ್ಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಹಿಗ್ಗು ಮಾತ್ರ ಕಡಿಮೆಯಾಗಲಿಲ್ಲ. ಅಂದು ತನ್ನ ಪಾಲಿನ ಮುದ್ದೆಯನ್ನೂ ಅದಕ್ಕೇ ಹಾಕಿದ. ಆಮೇಲೆ ಬಾ ಎನ್ನಲು ತೊಡೆ ತಟ್ಟುವುದು, ಬೇಡ ಎನ್ನಲು ಬೆರಳಾಡಿಸುವುದು ಇಬ್ಬರಿಗೂ ರೂಢಿಯಾಯಿತು.

ಮುಂದಿನ ವರ್ಷ ಗಂಟಲು ನಿಜವಾಗಿಯೇ ಹೋಯಿತು. ಚುನಾವಣೆಯ ಸುದ್ದಿ ಸಾರುತ್ತ ಪೇಟೆಯಲ್ಲಿ ನಿಂತಿದ್ದಾಗ ತಮಟೆ ನುಡಿಯಿತು, ಮಾತು ಬರಲಿಲ್ಲ. ಜನ ಕಾದರು. ಯಾರಾದರೂ ನಕ್ಕಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಎಲ್ಲರೂ ಮೆತ್ತಗೆ ಮನೆಗೆ ಹೋಗು ಎಂದರು. ಮೈಸೂರಿನ ಡಾಕ್ಟರು ಇನ್ನು ದನಿ ಬರುವುದಿಲ್ಲ ಎಂದುಬಿಟ್ಟರು. ಸಾರುವ ಕೆಲಸ ಬೇರೆಯವನ ಪಾಲಾಯಿತು. ಉಸಿರಿನಲ್ಲೇ ಪಿಸುಗುಡುವ ರಾಚಯ್ಯನ ಮುಂದೆ ಜನ ಅವನೇ ಕಿವುಡನೇನೋ ಎನ್ನುವಂತೆ ಗಟ್ಟಿಯಾಗಿ ಮಾತಾಡತೊಡಗಿದರು. ಸೋಮಮ್ಮನೂ ಅವನಿಗಿಂತ ಮೊದಲೇ ಅವನ ಮಾತು ಆಡಿ ಮುಗಿಸುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ರಾಚಯ್ಯ ನಾಯಿಯೊಂದಿಗೆ ದೊಡ್ಡಿಗೆ ಹೋಗಿ ಹಳೆಯ ಸುಳ್ಳನ್ನು ಒಪ್ಪಿಕೊಂಡ. ಗುರುಸಿದ್ದಯ್ಯನವರು ನಕ್ಕರು. ಗುಂಡ್ಲುಪೇಟೆ ಬಸ್ಸು ನಿಲ್ಲುವುದು ಆ ಕಡೆ, ನೀನು ನಾಯಿ ಹಿಡಿದು ಹೋದದ್ದು ಈ ಕಡೆ, ಅವತ್ತೇ ನನಗೆ ಗೊತ್ತಿತ್ತು ಎಂದರು. ಆಮೇಲೆ, ಸಂಪಾದನೆ ನಿಂತಿತಲ್ಲ, ನಾಯಿಯನ್ನು ವಾಪಸು ಬಿಡಲು ಬಂದೆಯಾ ಎಂದು ಮೆಲ್ಲಗೆ ಕೇಳಿದರು.

ರಾಚಯ್ಯ ಇಲ್ಲವೆಂದು ತಲೆಯಾಡಿಸಿದ. ಅವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

“ನನ್ ದನಿ ಓಗಿರದು ಊರ್ಗೆಲ್ಲಾ ಗೊತ್ತದ ಬುದ್ಧಿ. ಇವ್ನೊಬ್ಬನ್ಗೇ ಗೊತ್ತಿಲ್ಲ.”