ವೀಸಾ ಕಿಟಕಿಯವರೆಗೆ: ಕಡೂರಿನಿಂದ ದೆಹಲಿಗೆ

ಕಡೂರಿನಿಂದ ತರೀಕೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅಂದು ನಾನು ಕಿಟಕಿ ಪಕ್ಕ ಕೂತಿದ್ದೆ. ಕಡೂರು–ಪಂಚನಹಳ್ಳಿ ಮಾರ್ಗದಲ್ಲಿ ಕಂಡಕ್ಟರ್ ಕೆಲಸ ಮಾಡುವ ನನಗೆ ಬಸ್ಸಿನಲ್ಲಿ ನಿಂತೇ ಅಭ್ಯಾಸ. ಆ ಬಸ್ಸಿನ ಕಂಡಕ್ಟರ್ ಮಂಜಣ್ಣ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ ಹರಿದು ಕೈಗಿಟ್ಟು, "ಹೋಗ್ಬಾರಮ್ಮ ಗೀತಾ, ಒಳ್ಳೇದಾಗ್ತದೆ" ಎಂದರು. ಬಸ್ಸಿನಲ್ಲಿದ್ದ ಬೇರೆ ಯಾರಿಗೂ ನಾನೆಲ್ಲಿಗೆ ಹೊರಟಿದ್ದೇನೆಂದು ಗೊತ್ತಿರಲಿಲ್ಲ.

ನಾನು ಹೊರಟಿದ್ದು ದೆಹಲಿಗೆ. ನನ್ನ ತಮ್ಮ ಲೋಕೇಶ ಯೂರೋಪಿನ ಒಂದು ಚಿಕ್ಕ ದೇಶದಲ್ಲಿ ಹಡಗು ಕಟ್ಟುವ ಕಡೆ ವೆಲ್ಡರ್. ಮಳೆಗಾಲದಲ್ಲಿ ಅವನಿಗೆ ರಕ್ತದ ಕಾಯಿಲೆ ಕಾಣಿಸಿಕೊಂಡಿತು. ವಿಮಾನ ಹತ್ತಿ ಊರಿಗೆ ಬರುವಷ್ಟೂ ಶಕ್ತಿ ಉಳಿಯಲಿಲ್ಲ. ಅಸ್ಥಿಮಜ್ಜೆ ಬದಲಾಯಿಸಬೇಕು, ಒಡಹುಟ್ಟಿದವರದು ಹೊಂದಿದರೆ ಒಳ್ಳೆಯದು ಎಂದು ಅಲ್ಲಿನ ವೈದ್ಯರು ತಿಳಿಸಿದರು. ಪರೀಕ್ಷೆ ಮಾಡಿಸಿದಾಗ ನನ್ನದು ಹೊಂದಿತು. ಅಲ್ಲಿಗೆ ಹೋಗಲು ವೀಸಾ ಬೇಕು. ವೀಸಾಕ್ಕೆ ದೆಹಲಿಯ ರಾಯಭಾರ ಕಚೇರಿಗೆ ಖುದ್ದಾಗಿ ಹೋಗಬೇಕು.

ತರೀಕೆರೆ ಬಸ್ ನಿಲ್ದಾಣದ ಹತ್ತಿರ ಸುಮಾಳ ಆನ್‌ಲೈನ್ ಸೆಂಟರ್ ಇದೆ. ಅಪಾಯಿಂಟ್‌ಮೆಂಟ್ ಮಾಡಿಕೊಟ್ಟವಳು ಅವಳೇ. ಮೊದಲು ಸಿಕ್ಕ ದಿನ ಎಷ್ಟು ದೂರವಿತ್ತೆಂದರೆ, ಅಲ್ಲಿಯವರೆಗೆ ಕಾಯುವಂತಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಕಚೇರಿಯವರು ವ್ಯವಸ್ಥೆ ಬದಲಾಯಿಸಿ, ಚಿಕಿತ್ಸೆಯ ಕಾರಣಕ್ಕೆ ಹೋಗುವವರಿಗೆಂದೇ ಬೇರೆ ದಿನಗಳನ್ನು ತೆರೆದರು. ಸುಮಾ ಗಿರಾಕಿಗಳ ನಡುವೆಯೇ ದಿನವೂ ಅದನ್ನು ನೋಡುತ್ತಿದ್ದು, ಒಂದು ದಿನ ಹಿಡಿದೇಬಿಟ್ಟಳು. ಆ ಬೆಳಿಗ್ಗೆ ಕಾಗದಗಳನ್ನೆಲ್ಲ ಜೋಡಿಸಿ ಕೊಟ್ಟು, "ಏನೇ ಆದ್ರೂ ಫೋನ್ ಮಾಡಿ ಅಕ್ಕ" ಎಂದಳು.

ಅಲ್ಲಿಂದ ನನ್ನ ತವರೂರು ಅಜ್ಜಂಪುರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತೆಳುವಾದ ಚಳಿಗಾಲದ ಬಿಸಿಲು. ಅವ್ವ ರೈಲ್ವೆ ಸ್ಟೇಷನ್ನಿಗೇ ಬಂದಿದ್ದಳು, ಕೈಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ.

"ಬಸ್ಸಲ್ಲಿ ಆಡ್ದಂಗೆ ಅಲ್ಲಿ ಜಗ್ಳ ಆಡ್ಬೇಡ ಕಣೇ. ಕೈ ಮುಗ್ದು ಕೇಳು" ಎಂದಳು.

"ಆಡಲ್ಲ ಕಣವ್ವ."

ಪ್ಯಾಸೆಂಜರ್ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ದೆಹಲಿಯ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ರಜೆ ಮುಗಿಸಿ ಹೊರಟಿದ್ದ ಸೈನಿಕನೊಬ್ಬನಿದ್ದ. ಹೆಸರು ಪರಮೇಶ, ಊರು ಅಮೃತಾಪುರ. ಅಷ್ಟು ಹತ್ತಿರದ ಊರಿನವನೆಂದು ತಿಳಿದೊಡನೆ ಬುತ್ತಿ ಬಿಚ್ಚಿದೆ. ಚಟ್ನಿ ನಾಲಿಗೆಗೆ ತಾಗಿದ ಕೂಡಲೇ ಅವನು, "ಇನ್ನೊಂದ್ ವರ್ಷ ಇದು ಸಿಗಲ್ಲ ಕಣಕ್ಕ" ಎಂದು ಕಣ್ಣು ಮುಚ್ಚಿ ತಿಂದ.

ಮರುದಿನ ಮಧ್ಯಾಹ್ನ ಮಧ್ಯಪ್ರದೇಶದ ಕಾಡಿನ ನಡುವೆ ಹೋಗುತ್ತಿದ್ದಾಗ ನನ್ನ ಫೋನಿಗೆ ಕಚೇರಿಯಿಂದ ಇಂಗ್ಲಿಷಿನಲ್ಲಿ ಉದ್ದನೆಯ ಇಮೇಲ್ ಬಂತು. ಪರಮೇಶ ಓದಿ ಮುಖ ಗಂಟಿಕ್ಕಿದ. ನಿಯಮ ಮತ್ತೆ ಬದಲಾಗಿತ್ತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ದಿನ ಹಿಡಿಯುವುದನ್ನು ತಡೆಯಲು, ಇನ್ನು ಮುಂದೆ ಅರ್ಜಿ ಹಾಕಿದವರೇ ಫೋನಿನಲ್ಲಿ ಮುಖ ತೋರಿಸಿ ಖಚಿತಪಡಿಸಬೇಕು. ಅಂದು ಸಂಜೆಯೊಳಗೆ ಮಾಡದಿದ್ದರೆ ನನ್ನ ದಿನ ಬೇರೆಯವರ ಪಾಲು. ಅದಕ್ಕೆ ಬೇಕಾದ ಒಟಿಪಿ ಮಾತ್ರ ಸುಮಾಳ ಫೋನಿಗೆ ಹೋಗುತ್ತಿತ್ತು. ಅರ್ಜಿ ಹಾಕುವಾಗ ಇಮೇಲ್ ನನ್ನದು ಕೊಟ್ಟು, ಫೋನ್ ನಂಬರ್ ಅವಳದನ್ನೇ ಕೊಟ್ಟಿದ್ದೆವು.

ಫೋನ್ ಮಾಡಿದೆ. ಆ ಕಡೆ ವಾಲಗದ ಸದ್ದು. ಸುಮಾ ಬೀರೂರಿನಲ್ಲಿ ನೆಂಟರ ಮದುವೆಯಲ್ಲಿದ್ದಳು.

"ಊಟಕ್ ಕೂತಿದ್ದೆ ಅಕ್ಕ. ಇರಿ ಇರಿ, ಎದ್ದೆ. ಆಚೆ ಬಂದೆ. ಈಗ ಹೇಳಿ."

ಅವಳು ಅಂಕಿ ಓದುವಷ್ಟರಲ್ಲಿ ರೈಲು ಸುರಂಗ ಹೊಕ್ಕಿತು. ಹೊರಬಂದಾಗ ಒಟಿಪಿಯ ಅವಧಿ ಮುಗಿದಿತ್ತು. ಮತ್ತೆ ಕೇಳಿದೆ, ಈ ಸಲ ನೆಟ್‌ವರ್ಕ್ ಹೋಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು. ತಮ್ಮನ ಮುಖ ಕಣ್ಣೆದುರು ಬಂತು. "ಫೋನ್ ನಂಗೆ ಕೊಡಿ ಅಕ್ಕ" ಎಂದು ಪರಮೇಶ ಅದನ್ನು ತೆಗೆದುಕೊಂಡು, ಬಾಗಿಲ ಬಳಿ ನೆಟ್‌ವರ್ಕ್ ಹುಡುಕುತ್ತ ನಿಂತ.

ಕೊನೆಗೆ ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಪರಮೇಶ ನನ್ನನ್ನು ಪ್ಲಾಟ್‌ಫಾರಂಗೆ ಇಳಿಸಿದ. ತನ್ನ ಫೋನಿನಿಂದ ಸುಮಾಳಿಗೆ ಕರೆ ಮಾಡಿ, ಅವಳು ಹೇಳಿದ ಅಂಕಿಗಳನ್ನು ಜೋರಾಗಿ ಕೂಗಿದ. ನಾನು ನನ್ನ ಫೋನಿನಲ್ಲಿ ಒತ್ತಿದೆ. ಪರದೆಯಲ್ಲಿ ನನ್ನ ಮುಖ ಬಂತು.

"ಅಳ್ಬೇಡಿ ಅಕ್ಕ, ಗುರ್ತ್ ಸಿಗಲ್ಲ!" ಎಂದ.

ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನೋಡಿದೆ. ಹಸಿರು ಗುರುತು ಮೂಡುವುದಕ್ಕೂ ರೈಲು ಸಿಳ್ಳೆ ಹೊಡೆಯುವುದಕ್ಕೂ ಸರಿಹೋಯಿತು. ಪರಮೇಶ ನನ್ನನ್ನು ಹತ್ತಿಸಿ ಹಿಂದಿನಿಂದ ತಾನೂ ಹತ್ತಿದ. ಫೋನಿನೊಳಗಿಂದ ಸುಮಾ ಇನ್ನೂ, "ಆಯ್ತಾ? ಆಯ್ತಾ ಅಕ್ಕ?" ಎಂದು ಕೂಗುತ್ತಲೇ ಇದ್ದಳು.

ದೆಹಲಿ ಮಂಜಿನಲ್ಲಿ ಮುಳುಗಿತ್ತು. ಪರಮೇಶ ಆಟೋದವನಿಗೆ ಹಿಂದಿಯಲ್ಲಿ ವಿಳಾಸ ಬಿಡಿಸಿ ಹೇಳಿ, ತನ್ನ ಮುಂದಿನ ರೈಲಿಗೆ ಓಡಿದ. ಧನ್ಯವಾದ ಹೇಳಲೂ ಪುರಸೊತ್ತು ಸಿಗಲಿಲ್ಲ.

ರಾಯಭಾರ ಕಚೇರಿಯಲ್ಲಿ ಚಿಕಿತ್ಸೆಯವರ ಸಾಲು ಬೇರೆಯೇ ಇತ್ತು, ನಾಲ್ಕೈದು ಜನ ಮಾತ್ರ. ಕಿಟಕಿಯ ಹಿಂದೆ ನಡುವಯಸ್ಸಿನ ಅಧಿಕಾರಿ, ಆ ದೇಶದ ಹೆಂಗಸು. ಆಸ್ಪತ್ರೆಯ ಕಾಗದ ಓದಿ ತಲೆಯೆತ್ತಿ, ಪಕ್ಕದ ಗುಮಾಸ್ತೆಯ ಮೂಲಕ ಹಿಂದಿಯಲ್ಲಿ ಕೇಳಿದರು: "ಭಯವಾಗುತ್ತಿದೆಯೇ?"

"ಇಲ್ಲಿಗೆ ತಲುಪಲಾರೆ ಅಂತ ಭಯ ಇತ್ತು. ಈಗಿಲ್ಲ" ಎಂದೆ, ನನಗೆ ಬರುವ ಹರುಕು ಹಿಂದಿಯಲ್ಲಿ. ಅವ್ವನ ಮಾತು ನೆನಪಾಗಿ ಕೈಯನ್ನೂ ಮುಗಿದೆ. ಅವರು ಬೆರಳಚ್ಚು ತೆಗೆದುಕೊಂಡು, ಸಂಜೆ ಬಂದು ಪಾಸ್‌ಪೋರ್ಟ್ ಒಯ್ಯುವಂತೆ ಹೇಳಿದರು. ನಾನು ಎಲ್ಲಿಗೂ ಹೋಗದೆ ಎದುರಿನ ಮರದ ಕೆಳಗೆ ಚಹಾ ಕುಡಿಯುತ್ತ ಕಾದೆ. ಸಂಜೆ ಕೈಗೆ ಬಂದ ಪಾಸ್‌ಪೋರ್ಟಿನಲ್ಲಿ ವೀಸಾ ಇತ್ತು. ಗೇಟಿನಿಂದ ಹೊರಬಂದು, ಇನ್ನೆಂದಾದರೂ ಇಲ್ಲಿಗೆ ಬರುತ್ತೇನೋ ಇಲ್ಲವೋ ಎಂದುಕೊಂಡು ಆ ಕಟ್ಟಡಕ್ಕೆ ಮತ್ತೊಮ್ಮೆ ಕೈ ಮುಗಿದೆ.

ಮರಳಿ ಅಜ್ಜಂಪುರದಲ್ಲಿ ಇಳಿದಾಗ ಅವ್ವ ಪ್ಲಾಟ್‌ಫಾರಂನಲ್ಲೇ ಪಾಸ್‌ಪೋರ್ಟ್ ಬಿಡಿಸಿದಳು. ಅವಳಿಗೆ ಓದು ಬಾರದು.

"ಇದ್ರಲ್ಲಿ ಎಲ್ಲೈತೆ?"

ಅವಳ ಬೆರಳು ಹಿಡಿದು ವೀಸಾದ ಚೀಟಿಯ ಮೇಲಿಟ್ಟೆ. ಸ್ವಲ್ಪ ಹೊತ್ತು ಸವರಿದಳು. ಆಮೇಲೆ ಲೋಕೇಶನಿಗೆ ಫೋನ್ ಹಚ್ಚಿಸಿಕೊಂಡು, ಇಡೀ ಸ್ಟೇಷನ್ನಿಗೆ ಕೇಳುವಂತೆ ಹೇಳಿದಳು: "ನಿಮ್ಮಕ್ಕ ಬತ್ತಾವ್ಳೆ ಕಣೋ ಮಗ್ನೆ. ಒಂಚೂರು ತಡ್ಕೋ."

ಅವನು ತಡೆದುಕೊಂಡ. ಇದನ್ನು ಬರೆಯುವ ಹೊತ್ತಿಗೆ, ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿ ಇಳಿಯುತ್ತಿದ್ದಾನೆ.