ಒಗೆದ ಬಟ್ಟೆಯ ಸುಳಿವು

ನಮ್ಮ ಕಾಲೇಜಿನ ಹುಡುಗಿಯರ ಹಾಸ್ಟೆಲಿನ ಮೇಟ್ರನ್‌ಗೆ ಎಲ್ಲರೂ ಇಟ್ಟ ಹೆಸರು ಬೀಗಮ್ಮ. ಸೊಂಟದಲ್ಲಿ ಬೀಗದ ಕೈ ಗೊಂಚಲು, ದನಿಯೋ ಮೂರು ಮಹಡಿಗೂ ಮುಟ್ಟುವಂಥದ್ದು. ಆಕೆ ಮೆಟ್ಟಿಲು ಹತ್ತಿದರೆ ಜಿರಳೆಗಳೂ ದಾರಿ ಬಿಡುತ್ತಿದ್ದವು.

ದೊಡ್ಡ ರಜೆಯಲ್ಲಿ ಹಾಸ್ಟೆಲಿಗೆ ಬೀಗ. ಊರಿಗೆ ಹೊರಡುವ ಹುಡುಗಿಯರೆಲ್ಲ ಕೊಳೆ ಬಟ್ಟೆಯನ್ನೇ ಚೀಲಕ್ಕೆ ತುರುಕಿಕೊಳ್ಳುತ್ತಿದ್ದರು. ಒಗೆಯಲು ಮನೆಯಲ್ಲಿ ಅಮ್ಮ ಇದ್ದಾಳಲ್ಲ! ಆ ವರ್ಷ ಮಾತ್ರ, ರಜೆಯ ಹಿಂದಿನ ದಿನ, ಎರಡನೇ ವರ್ಷದ ಒಬ್ಬಳು ಹಗ್ಗದ ತುಂಬ ಬಟ್ಟೆ ಒಗೆದು ಹಾಕಿದ್ದಳು. ಬೀಗಮ್ಮ ಶತ್ರುಸೈನ್ಯ ನೋಡುವ ಸೇನಾಪತಿಯಂತೆ ಹಗ್ಗದ ಮುಂದೆ ನಿಂತರು.

“ಊರಿಗೆ ಹೋಗಲ್ವೇನೇ?”

“ಹೋಗ್ತೀನಿ ಮೇಡಂ.”

“ಸುಳ್ಳು ಹೇಳೋದಾದ್ರೆ ಮೊದ್ಲು ಕಾಲುಚೀಲನಾದ್ರೂ ಕೊಳೆ ಮಾಡ್ಕೋ!”

ಹುಡುಗಿ ನಕ್ಕಳು, ಆಮೇಲೆ ಅತ್ತಳು. ಓದು ಬಿಟ್ಟು ಅಂಗಡಿಯಲ್ಲಿ ಕೂರು ಎಂದ ಅಪ್ಪನಿಗೆ ಆಗಲ್ಲ ಎಂದಿದ್ದಕ್ಕೆ ಮನೆಯ ಬಾಗಿಲು ಮುಚ್ಚಿತ್ತು. ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ರಜೆ ಕಳೆಯಲು ಅವಳು ನೋಡಿಟ್ಟಿದ್ದ ಜಾಗ ಬಸ್ ನಿಲ್ದಾಣದ ಬೆಂಚು.

ಬೀಗಮ್ಮ ಅವಳನ್ನು ಎಳೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ನಿಯಮಕ್ಕೆ ಹೆದರುವವರು ಅಷ್ಟೆ.

“ಮನೆ ಕಡೆಯವರು ಯಾರಾದ್ರೂ ಬಂದು ಜವಾಬ್ದಾರಿ ಹೊತ್ತರೆ ಒಂದು ಕೋಣೆ ಕೊಡಬಹುದು.”

“ಬರ್ತಾರೆ ಸರ್.”

ಹಾಗೆಂದು ಬೀಗಮ್ಮ ಹೊರಗೆ ಹೋದರು. ಗೊಂಚಲು ಬಿಚ್ಚಿ ಜವಾನನ ಕೈಗಿಟ್ಟರು, ತಲೆ ನೀವಿಕೊಂಡರು, ಬಾಗಿಲು ತಟ್ಟಿ ಮತ್ತೆ ಒಳಗೆ ಬಂದರು.

“ನಮಸ್ಕಾರ. ನಾನು ಹುಡುಗಿ ಕಡೆಯವಳು.”

ಪ್ರಿನ್ಸಿಪಾಲರು ಕನ್ನಡಕ ಒರೆಸಿ ಹಾಕಿಕೊಂಡರು. ಆಗಲೂ ಎದುರಿಗೆ ಅದೇ ಬೀಗಮ್ಮ.

“ನೀವು ಅವಳಿಗೆ ಏನಾಗಬೇಕು?”

“ದೊಡ್ಡಮ್ಮ. ಅಜ್ಜಿ ಅಂದೀರಿ ಮತ್ತೆ, ನಾನು ಸುಮ್ನಿರಲ್ಲ!”

“ಊಟ?”

“ನಮ್ಮನೇಲಿ. ಹಾಸ್ಟೆಲ್ ಅಡುಗೆ ತಿಂದು ಬದುಕಿರೋಳು, ನನ್ನ ಅಡುಗೇನೂ ತಡ್ಕೋತಾಳೆ.”

ಪ್ರಿನ್ಸಿಪಾಲರ ಮೀಸೆ ಅಲುಗಿತು. “ಸರಿ. ಹೊರಗೆ ನಮ್ಮ ಮೇಟ್ರನ್ ಸಿಕ್ಕರೆ, ಒಂದು ಕೋಣೆ ತೆಗೆದುಕೊಡೋಕೆ ಹೇಳಿಬಿಡಿ.”

“ಹೇಳ್ತೀನಿ. ಬಾಯಿ ಜೋರು ಅವಳಿಗೆ, ಆದ್ರೆ ನನ್ನ ಮಾತು ಕೇಳ್ತಾಳೆ.”

ಹುಡುಗಿ ಗೋಡೆಗೆ ಒರಗಿ, ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.

ಮುಂದಿನ ರಜೆಯ ಹೊತ್ತಿಗೆ ಹಗ್ಗ ಖಾಲಿ. ಊದಿಕೊಂಡ ಚೀಲವೊಂದನ್ನು ಹೊತ್ತು ಅವಳು ಬೀಗಮ್ಮನ ಮನೆ ಬಾಗಿಲಲ್ಲಿ ನಿಂತಿದ್ದಳು.

“ದೊಡ್ಡಮ್ಮಾ, ಬಕೆಟ್ ಎಲ್ಲಿ?”

“ಬಂದ್ಲಪ್ಪ ಮಹಾರಾಣಿ, ಮೂಟೆ ಹೊತ್ಕೊಂಡು! ನಾನೇನು ನಿನ್ನ ಆಳಾ?”

ಬೈಯುತ್ತಲೇ ಚೀಲ ಕಿತ್ತುಕೊಂಡು ಮೂಸಿ ನೋಡಿದರು. ಕೊಳೆ ಬಟ್ಟೆಯ ಘಾಟು ಮೂಗಿಗೆ ಬಡಿಯಿತು. ಬೀಗಮ್ಮನ ಮುಖ ಅರಳಿತು.